ಕೆನಡಾದ ಮೂಲನಿವಾಸಿಗಳೊಂದಿಗೆ ಸಂಧಾನ: ಶಾಲೆ ಮತ್ತು ಆಸ್ಪತ್ರೆಗಳು ಕಲಿಯುತ್ತಿರುವ ಪಾಠ

ನಮ್ಮ ಕರಾವಳಿಯ ಚರ್ಚುಗಳಿಂದ ಕೆನಡಾಕ್ಕೆ ಓದಲು, ನರ್ಸ್ ಕೆಲಸಕ್ಕೆ, ವೃದ್ಧರ ಆರೈಕೆಗೆ ಹೋದ ಯುವಜನರು ಇಂದು ಅನೇಕ ವಾಳೆಗಳಲ್ಲಿ ಸಿಗುತ್ತಾರೆ. ಅಲ್ಲಿನ ನರ್ಸಿಂಗ್ ಕಾಲೇಜು ಅಥವಾ ಆಸ್ಪತ್ರೆ ಸೇರಿದ ಹೊಸತರಲ್ಲಿ ಅವರಲ್ಲಿ ಹಲವರು ಕಲಿಯಬೇಕಾದ ಒಂದು ಪಾಠವು ಶರೀರಶಾಸ್ತ್ರದ್ದೂ ಅಲ್ಲ, ಔಷಧಿಗಳದ್ದೂ ಅಲ್ಲ. ಅದು ಆ ದೇಶದ ಮೂಲನಿವಾಸಿಗಳ ಚರಿತ್ರೆ. ಆ ಪಾಠದಲ್ಲಿ ಕಥೋಲಿಕ್ ಧರ್ಮಗುರುಗಳು ಹಾಗೂ ಧರ್ಮಭಗಿನಿಯರು ನಡೆಸುತ್ತಿದ್ದ ಶಾಲೆಗಳ ಹೆಸರು ಮತ್ತೆ ಮತ್ತೆ ಬರುತ್ತದೆ, ಮತ್ತು ಒಳ್ಳೆಯ ಕಾರಣಕ್ಕಾಗಿ ಬರುವುದಿಲ್ಲ. ಚಿಕ್ಕಂದಿನಿಂದ ಕಾನ್ವೆಂಟ್ ಶಾಲೆಯಲ್ಲಿ ಕಲಿತು, ಸಿಸ್ಟರುಗಳನ್ನು ತಾಯಿಯಂತೆ ಕಂಡ ನಮ್ಮ ಮಕ್ಕಳಿಗೆ ಇದು ನುಂಗಲಾರದ ತುತ್ತು. ಇದು ಚರ್ಚಿನ ವಿರುದ್ಧದ ಪ್ರಚಾರವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅಲ್ಲ. ಧರ್ಮಸಭೆಯೇ ಇದನ್ನು ಒಪ್ಪಿಕೊಂಡು ಕ್ಷಮೆ ಯಾಚಿಸಿದೆ. ಹೋಗುವವರಿಗೂ, ಅವರನ್ನು ಕಳುಹಿಸುವ ಹೆತ್ತವರಿಗೂ, ಯುವ ಸಂಘಟನೆಗಳನ್ನು ನಡೆಸುವವರಿಗೂ ತಿಳಿದಿರಬೇಕಾದ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಯಾರು ಈ ಮೂಲನಿವಾಸಿಗಳು?

ಕೆನಡಾದ ಕಾನೂನು ಮೂರು ಸಮುದಾಯಗಳನ್ನು ಗುರುತಿಸುತ್ತದೆ: ಫಸ್ಟ್ ನೇಷನ್ಸ್, ಇನ್ಯುಯಿಟ್ ಹಾಗೂ ಮೇಟಿ. ನಮ್ಮ ಹಳೆಯ ಪಠ್ಯಪುಸ್ತಕಗಳಲ್ಲಿ ಬರುತ್ತಿದ್ದ 'ರೆಡ್ ಇಂಡಿಯನ್', 'ಎಸ್ಕಿಮೊ' ಎಂಬ ಪದಗಳನ್ನು ಅಲ್ಲಿ ಈಗ ಅವಮಾನವೆಂದು ಭಾವಿಸುತ್ತಾರೆ. ಹೋಗುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. 2021ರ ಜನಗಣತಿಯಂತೆ ಮೂಲನಿವಾಸಿಗಳ ಸಂಖ್ಯೆ ಸುಮಾರು 18 ಲಕ್ಷ, ಅಂದರೆ ದೇಶದ ಜನಸಂಖ್ಯೆಯ ಶೇ. 5. ಇವರಲ್ಲಿ ಬಹಳ ಮಂದಿ ಕ್ರೈಸ್ತರು, ಕಥೋಲಿಕರೂ ಇದ್ದಾರೆ. 2012ರಲ್ಲಿ ಸಂತ ಪದವಿಗೇರಿದ ಕಟೇರಿ ತೆಕಾಕ್ವಿತಾ ಇದೇ ಖಂಡದ ಮೊಹಾಕ್ ಜನಾಂಗದವರು. ಆಲ್ಬರ್ಟಾ ಪ್ರಾಂತದ ಲಾಕ್ ಸೇಂಟ್ ಆನ್ ಸರೋವರಕ್ಕೆ ಪ್ರತಿ ಜುಲೈಯಲ್ಲಿ ಸಂತ ಆನ್ನರ ಹಬ್ಬದ ಸಮಯ ಸಾವಿರಾರು ಮೂಲನಿವಾಸಿ ಕಥೋಲಿಕರು ಯಾತ್ರೆ ಬರುತ್ತಾರೆ. ಆದ್ದರಿಂದ ಇದನ್ನು 'ಚರ್ಚ್ ಒಂದು ಕಡೆ, ಮೂಲನಿವಾಸಿಗಳು ಇನ್ನೊಂದು ಕಡೆ' ಎಂದು ನೋಡಿದರೆ ತಪ್ಪಾಗುತ್ತದೆ. ನೋವು ಉಂಡವರು ನಮ್ಮದೇ ಬಲಿಪೂಜೆಯ ಬೆಂಚುಗಳಲ್ಲಿಯೂ ಕುಳಿತಿದ್ದಾರೆ.

ವಸತಿ ಶಾಲೆಗಳು

ನಮ್ಮಲ್ಲಿ 'ಬೋರ್ಡಿಂಗ್' ಎಂದರೆ ಹೆತ್ತವರು ಇಷ್ಟಪಟ್ಟು, ಶುಲ್ಕ ಕೊಟ್ಟು, ಶಿಫಾರಸು ಹಿಡಿದು ಮಕ್ಕಳನ್ನು ಸೇರಿಸುವ ಜಾಗ. ಕೆನಡಾದ ವಸತಿ ಶಾಲೆ ಹಾಗಿರಲಿಲ್ಲ. ಮೂಲನಿವಾಸಿ ಮಕ್ಕಳನ್ನು ಅವರ ಮನೆ, ಭಾಷೆ ಮತ್ತು ಸಂಪ್ರದಾಯದಿಂದ ಬೇರ್ಪಡಿಸಿ ಬಿಳಿಯರಂತೆ ಮಾಡಬೇಕು ಎಂಬುದು ಸರಕಾರದ ನೀತಿಯಾಗಿತ್ತು. 1880ರ ದಶಕದಿಂದ ಸರಕಾರ ಹಣ ಕೊಟ್ಟಿತು, ಚರ್ಚುಗಳು ಶಾಲೆ ನಡೆಸಿದವು. 1920ರ ತಿದ್ದುಪಡಿಯ ನಂತರ 7ರಿಂದ 15 ವರ್ಷದ ಮಕ್ಕಳ ಹಾಜರಿ ಕಡ್ಡಾಯವಾಯಿತು. ಕಳುಹಿಸಲು ಒಪ್ಪದ ಹೆತ್ತವರಿಗೆ ಶಿಕ್ಷೆಯ ಭಯವಿತ್ತು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಒಟ್ಟು ಸುಮಾರು 1,50,000 ಮಕ್ಕಳು ಈ ಶಾಲೆಗಳ ಮೂಲಕ ಹಾದುಹೋದರು. ಶಾಲೆಗಳಲ್ಲಿ ಸುಮಾರು ಶೇ. 60ರಷ್ಟನ್ನು ಕಥೋಲಿಕ್ ಸಂಸ್ಥೆಗಳು ನಡೆಸುತ್ತಿದ್ದವು. ಉಳಿದವು ಆಂಗ್ಲಿಕನ್, ಯುನೈಟೆಡ್ ಮತ್ತು ಪ್ರೆಸ್ಬಿಟೇರಿಯನ್ ಸಭೆಗಳದ್ದು.

ಮಕ್ಕಳ ಕೂದಲು ಕತ್ತರಿಸಲಾಗುತ್ತಿತ್ತು. ಹೆಸರಿನ ಬದಲು ಸಂಖ್ಯೆ ಕೊಟ್ಟ ಶಾಲೆಗಳಿದ್ದವು. ತಾಯಿಭಾಷೆ ಮಾತಾಡಿದರೆ ಪೆಟ್ಟು. ಅಣ್ಣ ತಂಗಿ ಒಂದೇ ಶಾಲೆಯಲ್ಲಿದ್ದರೂ ಪರಸ್ಪರ ಮಾತಾಡುವಂತಿರಲಿಲ್ಲ. ಲೈಂಗಿಕ ಹಾಗೂ ದೈಹಿಕ ದೌರ್ಜನ್ಯದ ಪರಿಹಾರ ಕೋರಿ ಮುಂದೆ ಸಲ್ಲಿಸಲ್ಪಟ್ಟ ಅರ್ಜಿಗಳ ಸಂಖ್ಯೆಯೇ 38,000ಕ್ಕೂ ಹೆಚ್ಚು. ಅಲ್ಲಿ ಸೇವೆ ಸಲ್ಲಿಸಿದ ಎಲ್ಲರೂ ಕ್ರೂರಿಗಳಾಗಿರಲಿಲ್ಲ, ಒಳ್ಳೆಯ ಶಿಕ್ಷಕಿಯನ್ನು ನೆನೆಯುವ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಆದರೆ ಮಗುವನ್ನು ತಾಯಿಯಿಂದ ಕಿತ್ತುಕೊಳ್ಳುವ ವ್ಯವಸ್ಥೆಯನ್ನು ಅದರೊಳಗಿದ್ದ ಕೆಲವರ ಒಳ್ಳೆಯತನ ಸರಿಪಡಿಸಲಾರದು.

ಸಾವಿನ ವಿಷಯ ಅಂದೇ ತಿಳಿದಿತ್ತು. ಸರಕಾರದ ವೈದ್ಯಾಧಿಕಾರಿ ಡಾ. ಪೀಟರ್ ಬ್ರೈಸ್ 1907ರಲ್ಲಿ ಪಶ್ಚಿಮ ಪ್ರಾಂತಗಳ ಶಾಲೆಗಳನ್ನು ಪರಿಶೀಲಿಸಿ ವರದಿ ಕೊಟ್ಟರು. ವಿವರ ಸಿಕ್ಕಿದ 1,537 ವಿದ್ಯಾರ್ಥಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಭಾಗ ತೀರಿಹೋಗಿದ್ದರು. ಮುಖ್ಯ ಕಾರಣ ಕ್ಷಯ. ಗಾಳಿಯಾಡದ ಕೋಣೆಗಳಲ್ಲಿ ರೋಗಿಗಳನ್ನೂ ಆರೋಗ್ಯವಂತರನ್ನೂ ಒಟ್ಟಿಗೆ ಮಲಗಿಸಲಾಗುತ್ತಿತ್ತು. ಬ್ರೈಸ್ ಅವರ ಸಲಹೆಗಳನ್ನು ಮೂಲೆಗೆ ಹಾಕಲಾಯಿತು. ನಿವೃತ್ತಿಯ ನಂತರ, 1922ರಲ್ಲಿ, ಅವರು ತಮ್ಮದೇ ಪುಸ್ತಿಕೆಯ ಮೂಲಕ ಇದನ್ನು ಜನರ ಮುಂದಿಟ್ಟರು. ಇಂದು ದಾಖಲೆಗಳಿಂದ ಗುರುತಿಸಲಾದ, ಶಾಲೆಗಳಲ್ಲಿ ಮೃತಪಟ್ಟ ಮಕ್ಕಳ ಹೆಸರುಗಳು 4,100ಕ್ಕಿಂತ ಹೆಚ್ಚಿವೆ.

2021ರ ಮೇ ತಿಂಗಳಲ್ಲಿ ಕಾಮ್ಲೂಪ್ಸ್ ಶಾಲೆಯ ಸುದ್ದಿ ಲೋಕವೆಲ್ಲಾ ಹರಡಿತು. ಈ ಬಗ್ಗೆ ಒಂದು ಸ್ಪಷ್ಟನೆ ಅಗತ್ಯ. ಅಲ್ಲಿ ಶವಗಳನ್ನು ಹೊರತೆಗೆಯಲಾಗಿಲ್ಲ. ನೆಲದೊಳಗನ್ನು ನೋಡುವ ರಾಡಾರ್ ಯಂತ್ರವು ಸುಮಾರು 200 ಕಡೆ ಗುರುತಿಲ್ಲದ ಸಮಾಧಿಗಳಿರಬಹುದೆಂದು ಸೂಚಿಸಿತು. 'ಸಾಮೂಹಿಕ ಗೋರಿ' ಎಂದು ಬರೆದ ಪತ್ರಿಕೆಗಳು ಅವಸರ ಮಾಡಿದವು. ಆದರೆ ಇದನ್ನೇ ಹಿಡಿದುಕೊಂಡು 'ಎಲ್ಲವೂ ಸುಳ್ಳು' ಎನ್ನುವ ಸಂದೇಶಗಳು ನಮ್ಮ ಮೊಬೈಲುಗಳಿಗೂ ಬರುತ್ತಿವೆ. ಆ 4,100 ಹೆಸರುಗಳಿಗೆ ರಾಡಾರ್ ಬೇಕಾಗಿಲ್ಲ, ಅವು ಕಾಗದಪತ್ರಗಳಲ್ಲೇ ಇವೆ.

ಆಸ್ಪತ್ರೆಯ ಭಯ

ಶಾಲೆಯ ಕಥೆ ಹೆಚ್ಚು ಜನರಿಗೆ ತಿಳಿದಿದೆ, ಆಸ್ಪತ್ರೆಯದ್ದು ಕಡಿಮೆ. ನಮ್ಮ ನರ್ಸುಗಳಿಗೆ ನಿತ್ಯ ಎದುರಾಗುವುದು ಇದೇ. ಒಬ್ಬ ವೃದ್ಧೆ ಚಿಕಿತ್ಸೆಗೆ ಒಪ್ಪದೆ ಬಾಗಿಲ ಕಡೆ ನೋಡುತ್ತಿದ್ದರೆ 'ಹಠಮಾರಿ' ಎಂದು ಬರೆದುಬಿಡುವುದು ಸುಲಭ. ಅವರ ಕುಟುಂಬದಲ್ಲಿ ಆಸ್ಪತ್ರೆಗೆ ಹೋದವರು ಹಿಂತಿರುಗದೆ ಇರುವ ಸಾಧ್ಯತೆ ಇದೆ.

ಮೂಲನಿವಾಸಿಗಳಿಗಾಗಿಯೇ ಕೇಂದ್ರ ಸರಕಾರವು ಪ್ರತ್ಯೇಕ 'ಇಂಡಿಯನ್ ಆಸ್ಪತ್ರೆ'ಗಳನ್ನು ನಡೆಸುತ್ತಿತ್ತು. ಎಡ್ಮಂಟನ್ ನಗರದಲ್ಲಿ 1946ರಲ್ಲಿ ತೆರೆದ ಚಾರ್ಲ್ಸ್ ಕಾಮ್ಸೆಲ್ ಆಸ್ಪತ್ರೆ ಅವುಗಳಲ್ಲಿ ಪ್ರಸಿದ್ಧ. ಉತ್ತರ ಧ್ರುವದ ಸಮೀಪದ ಇನ್ಯುಯಿಟ್ ಹಳ್ಳಿಗಳಿಗೆ 1950ರಿಂದ 'ಸಿ. ಡಿ. ಹೌ' ಎಂಬ ಹಡಗು ಹೋಗುತ್ತಿತ್ತು. ಜನರನ್ನು ಹಡಗಿಗೆ ಹತ್ತಿಸಿ ಎಕ್ಸ್‌ರೇ ತೆಗೆಯುತ್ತಿದ್ದರು. ಕ್ಷಯ ಕಂಡುಬಂದರೆ ದಡಕ್ಕಿಳಿದು ಮಕ್ಕಳಿಗೆ ಒಂದು ಮಾತು ಹೇಳಿ ಬರಲೂ ಬಿಡದೆ ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣಕ್ಕೆ ಒಯ್ಯಲಾಗುತ್ತಿತ್ತು. 1956ರಲ್ಲಿ ಏಳು ಇನ್ಯುಯಿಟ್ ಜನರಲ್ಲಿ ಒಬ್ಬರು ದಕ್ಷಿಣದ ಕ್ಷಯ ಆಸ್ಪತ್ರೆಗಳಲ್ಲಿದ್ದರು. ಚಿಕಿತ್ಸೆಯಿಂದ ಬದುಕಿದವರು ಅನೇಕರು, ಅದನ್ನು ಮರೆಯಬಾರದು. ಆದರೆ ಅಲ್ಲಿ ಸತ್ತವರನ್ನು ಅಲ್ಲೇ ಹೂಳಲಾಯಿತು, ಎಷ್ಟೋ ಮನೆಗಳಿಗೆ ಎಲ್ಲಿ ಎಂದೂ ತಿಳಿಸಲಿಲ್ಲ. ನವೆಂಬರ್ ತಿಂಗಳಲ್ಲಿ ಸಿಮಿತೇರಿಗೆ ಹೋಗಿ ಹಿರಿಯರ ಗೋರಿಗೆ ಹೂವಿಟ್ಟು ಬರುವ ನಮಗೆ, ತಾಯಿಯ ಗೋರಿ ಎಲ್ಲಿದೆಯೆಂದು ತಿಳಿಯದೆ ಅರುವತ್ತು ವರ್ಷ ಬದುಕುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. 2019ರ ಮಾರ್ಚ್‌ನಲ್ಲಿ ಅಂದಿನ ಪ್ರಧಾನಿ ಜಸ್ಟಿನ್ ಟ್ರುಡೊ ಇಕಾಲುಯಿಟ್ ಪಟ್ಟಣಕ್ಕೆ ಹೋಗಿ ಇದಕ್ಕಾಗಿ ಕ್ಷಮೆ ಕೇಳಿದರು. ಗೋರಿಗಳನ್ನು ಹುಡುಕಿ ಕುಟುಂಬಗಳಿಗೆ ತಿಳಿಸುವ 'ನನಿಲವುತ್' ಯೋಜನೆಯೂ ಆಗ ಪ್ರಕಟವಾಯಿತು.

ಇನ್ನೊಂದು ಸಂಗತಿ 2013ರಲ್ಲಿ ಇತಿಹಾಸಕಾರ ಇಯಾನ್ ಮಾಸ್ಬಿ ಅವರ ಸಂಶೋಧನೆಯಿಂದ ಹೊರಬಂತು. 1948ರಿಂದ 1952ರವರೆಗೆ ಆರು ವಸತಿ ಶಾಲೆಗಳ ಸುಮಾರು 1,000 ಮಕ್ಕಳ ಮೇಲೆ, ಅವರಿಗಾಗಲಿ ಹೆತ್ತವರಿಗಾಗಲಿ ತಿಳಿಸದೆ, ಪೌಷ್ಟಿಕ ಆಹಾರದ ಪ್ರಯೋಗ ನಡೆಸಲಾಗಿತ್ತು. ಮಕ್ಕಳು ಹಸಿದಿದ್ದಾರೆಂದು ಗೊತ್ತಿದ್ದೂ ಕೆಲವು ಶಾಲೆಗಳಲ್ಲಿ ಊಟವನ್ನು ಹಾಗೆಯೇ ಮುಂದುವರಿಸಲಾಯಿತು, ಹೋಲಿಕೆಗೆ ಬೇಕೆಂದು.

ಇವೆಲ್ಲ ಹಳೆಯ ಕಾಲದ್ದು ಎನ್ನುವಂತಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ವಿನ್ನಿಪೆಗ್ ನಗರದ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಬ್ರಯನ್ ಸಿಂಕ್ಲೇರ್ ಎಂಬ 45ರ ವ್ಯಕ್ತಿ ಗಾಲಿಕುರ್ಚಿಯಲ್ಲಿ ಬಂದರು. ಮೂತ್ರಕೋಶದ ಸೋಂಕು, ಸುಲಭದಲ್ಲಿ ಗುಣವಾಗುವಂಥದ್ದು. ಯಾರೋ ಕುಡಿದು ಮಲಗಿದ್ದಾನೆ ಅಥವಾ ಚಳಿಗೆ ಒಳಬಂದಿದ್ದಾನೆ ಎಂದು ಸಿಬ್ಬಂದಿ ಭಾವಿಸಿದರು. 34 ಗಂಟೆ ಕಾದ ಅವರು ಕುರ್ಚಿಯಲ್ಲೇ ತೀರಿಹೋಗಿದ್ದುದು ನಂತರ ತಿಳಿಯಿತು. 2020ರ ಸೆಪ್ಟೆಂಬರ್ 28ರಂದು ಕ್ಯೂಬೆಕ್ ಪ್ರಾಂತದ ಜೋಲಿಯೆಟ್ ಆಸ್ಪತ್ರೆಯಲ್ಲಿ ಏಳು ಮಕ್ಕಳ ತಾಯಿ, ಅತಿಕಮೆಕ್ ಜನಾಂಗದ ಜಾಯ್ಸ್ ಎಶಾಕ್ವಾನ್ ಮೃತಪಟ್ಟರು. ಸಾಯುವ ಮೊದಲು, ಸಿಬ್ಬಂದಿ ತನ್ನನ್ನು ಹೀಯಾಳಿಸುತ್ತಿದ್ದುದನ್ನು ಅವರು ತಮ್ಮ ಫೋನಿನಿಂದ ಫೇಸ್‌ಬುಕ್‌ನಲ್ಲಿ ನೇರವಾಗಿ ತೋರಿಸಿದ್ದರು. ಸಾವಿಗೆ ಜನಾಂಗೀಯ ಪೂರ್ವಗ್ರಹವೂ ಕಾರಣವೆಂದು 2021ರಲ್ಲಿ ತನಿಖಾಧಿಕಾರಿ ಹೇಳಿದರು.

ಸತ್ಯಶೋಧನೆ ಮತ್ತು 94 ಕರೆಗಳು

2006ರ ಒಪ್ಪಂದದಂತೆ 2008ರಲ್ಲಿ 'ಸತ್ಯ ಮತ್ತು ಸಂಧಾನ ಆಯೋಗ' ಆರಂಭವಾಯಿತು. ನಂತರ ಅದರ ಅಧ್ಯಕ್ಷರಾದವರು ಮೂಲನಿವಾಸಿ ನ್ಯಾಯಾಧೀಶ ಮರ್ರಿ ಸಿಂಕ್ಲೇರ್ (ಇವರು 2024ರಲ್ಲಿ ನಿಧನರಾದರು). ಆಯೋಗ 6,500ಕ್ಕೂ ಹೆಚ್ಚು ಜನರ ಸಾಕ್ಷ್ಯ ಕೇಳಿ 2015ರಲ್ಲಿ 94 ಕರೆಗಳನ್ನು ನೀಡಿತು. 24ನೇ ಕರೆ ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳೆಲ್ಲರಿಗೂ ಮೂಲನಿವಾಸಿಗಳ ಆರೋಗ್ಯದ ಬಗ್ಗೆ ಪಾಠ ಕಡ್ಡಾಯ ಮಾಡಬೇಕೆನ್ನುತ್ತದೆ. ಆರಂಭದಲ್ಲಿ ಹೇಳಿದ ಪಾಠದ ಹಿಂದಿರುವುದು ಈ ಕರೆ. 62ನೆಯದು ಶಾಲಾ ಪಠ್ಯದ ಬಗ್ಗೆ, 58ನೆಯದು ಪೋಪ್ ಅವರು ಕೆನಡಾಕ್ಕೆ ಬಂದು ಕ್ಷಮೆ ಕೇಳಬೇಕೆಂಬ ಬಗ್ಗೆ, 59 ಮತ್ತು 60 ಚರ್ಚುಗಳು ತಮ್ಮ ಭಕ್ತಾದಿಗಳಿಗೂ ಗುರುಮಠದ ವಿದ್ಯಾರ್ಥಿಗಳಿಗೂ ಈ ಚರಿತ್ರೆಯನ್ನು ಕಲಿಸಬೇಕೆಂಬ ಬಗ್ಗೆ.

'ಸಂಧಾನ' ಎಂಬ ಪದ ನಮಗೆ ಹೊಸತಲ್ಲ. ಪಾಪನಿವೇದನೆ ಸಂಸ್ಕಾರಕ್ಕೆ ಸಂಧಾನ ಸಂಸ್ಕಾರವೆಂದೂ ಹೆಸರಿದೆ. ಕ್ರೈಸ್ತ ಶಿಕ್ಷಣದ ತರಗತಿಯಲ್ಲೇ ಕಲಿತಂತೆ, ಅಲ್ಲಿ ಪಶ್ಚಾತ್ತಾಪ ಮತ್ತು ನಿವೇದನೆಯ ಜೊತೆ ಪ್ರಾಯಶ್ಚಿತ್ತವೂ ಇದೆ. ಕದ್ದದ್ದನ್ನು ಸಾಧ್ಯವಿದ್ದೂ ಹಿಂದಿರುಗಿಸದವನ ಪಶ್ಚಾತ್ತಾಪ ಅರೆಬರೆ. ಕೆನಡಾದಲ್ಲಿ 'ವಸಾಹತು ಪದ್ಧತಿಯಿಂದ ಬಿಡುಗಡೆ' ಎಂದು ಕರೆಯುವುದು ಈ ಹಿಂದಿರುಗಿಸುವ ಕೆಲಸವನ್ನೇ. ಮಗು ಏನು ಕಲಿಯಬೇಕು, ರೋಗಿಗೆ ಹೇಗೆ ಆರೈಕೆ ಸಿಗಬೇಕು ಎಂದು ತೀರ್ಮಾನಿಸುವ ಅಧಿಕಾರವನ್ನು ಯಾರಿಂದ ಕಿತ್ತುಕೊಳ್ಳಲಾಗಿತ್ತೋ ಅವರಿಗೇ ಕೊಡುವುದು. ಸಭೆಯ ಆರಂಭದಲ್ಲಿ 'ಈ ಭೂಮಿ ಇಂಥ ಜನಾಂಗದ್ದು' ಎಂದು ಓದುವ ರೂಢಿ ಈಗ ಅಲ್ಲಿ ಎಲ್ಲೆಡೆ ಇದೆ. ಒಳ್ಳೆಯದೇ, ಆದರೆ ಅಷ್ಟಕ್ಕೇ ನಿಂತರೆ ಅದು ಔಪಚಾರಿಕತೆ ಎಂದು ಮೂಲನಿವಾಸಿಗಳೇ ಹೇಳುತ್ತಾರೆ.

ಅಧಿಕಾರ ಹಿಂದಿರುಗಿದಾಗ

ಆಲ್ಬರ್ಟಾದ ಬ್ಲೂ ಕ್ವಿಲ್ಸ್ ಶಾಲೆಯ ಕಥೆ ಇದಕ್ಕೆ ಉತ್ತಮ ಉದಾಹರಣೆ. ಕಥೋಲಿಕ್ ಆಡಳಿತದ ಈ ವಸತಿ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಪಟ್ಟಣದ ಶಾಲೆಗೆ ಕಳುಹಿಸಲು ಸರಕಾರ 1970ರಲ್ಲಿ ಹೊರಟಾಗ, ಹೆತ್ತವರು ಶಾಲೆಯೊಳಗೆ ಬಂದು ಕುಳಿತು ಧರಣಿ ಹೂಡಿದರು. ಅವರ ಬೇಡಿಕೆ ಶಾಲೆ ಮುಚ್ಚಬೇಕೆಂದಲ್ಲ, ತಮಗೆ ಕೊಡಬೇಕೆಂದು. ಸರಕಾರ ಮಣಿಯಿತು. ಕೆನಡಾದಲ್ಲಿ ಮೂಲನಿವಾಸಿಗಳೇ ನಡೆಸಿದ ಮೊದಲ ಶಾಲೆ ಅದಾಯಿತು. ಇಂದು ಅದೇ ಕಟ್ಟಡದಲ್ಲಿ ಮೂಲನಿವಾಸಿಗಳ ವಿಶ್ವವಿದ್ಯಾಲಯವಿದೆ, ಒಂದು ಕಾಲದಲ್ಲಿ ಮಾತಾಡಿದರೆ ಪೆಟ್ಟು ಬೀಳುತ್ತಿದ್ದ ಕ್ರೀ ಭಾಷೆಯನ್ನು ಅಲ್ಲಿ ಕಲಿಸಲಾಗುತ್ತದೆ.

ನೋವಾ ಸ್ಕೋಶಿಯಾದ ಮಿಗ್ಮಾ ಸಮುದಾಯಗಳು 1997ರ ಒಪ್ಪಂದದಿಂದ ತಮ್ಮ ಶಾಲೆಗಳನ್ನು ತಾವೇ ನಡೆಸುತ್ತಿವೆ. ಅಲ್ಲಿ ಪ್ರೌಢಶಿಕ್ಷಣ ಮುಗಿಸುವವರ ಪ್ರಮಾಣ ಶೇ. 90ರ ಆಸುಪಾಸಿಗೆ ಏರಿದೆ. ಎಲ್ಲ ಮಕ್ಕಳಿಗೂ ಈ ಚರಿತ್ರೆ ಕಲಿಸುವ ಕೆಲಸವೂ ಸಾಗಿದೆ. ವಿನ್ನಿಪೆಗ್ ಮತ್ತು ಲೇಕ್‌ಹೆಡ್ ವಿಶ್ವವಿದ್ಯಾಲಯಗಳು 2016ರಿಂದ ಮೂಲನಿವಾಸಿ ವಿಷಯದ ಪಾಠವನ್ನು ಕಡ್ಡಾಯ ಮಾಡಿದವು, ಬ್ರಿಟಿಷ್ ಕೊಲಂಬಿಯಾ ಪ್ರಾಂತವು 2023-24ರಿಂದ ಪ್ರೌಢಶಾಲೆ ಮುಗಿಸುವವರಿಗೆ.

ಆರೋಗ್ಯ ಕ್ಷೇತ್ರದಲ್ಲಿ ನರ್ಸುಗಳು ಹೆಚ್ಚು ಕೇಳುವ ಮಾತು 'ಸಾಂಸ್ಕೃತಿಕ ಸುರಕ್ಷತೆ'. ಈ ಚಿಂತನೆಯನ್ನು ಬೆಳೆಸಿದವರು ವೈದ್ಯರಲ್ಲ, ನ್ಯೂಜಿಲೆಂಡಿನ ಮಾವೊರಿ ನರ್ಸ್ ಇರಿಹಾಪೆತಿ ರಾಮ್ಸ್‌ಡೆನ್. ಅಲ್ಲಿನ ನರ್ಸಿಂಗ್ ಮಂಡಳಿ ಇದನ್ನು 1990ರ ದಶಕದ ಆರಂಭದಲ್ಲೇ ಶಿಕ್ಷಣದಲ್ಲಿ ಸೇರಿಸಿತು. ರೋಗಿಯ ಸಂಪ್ರದಾಯಗಳ ಪಟ್ಟಿ ಬಾಯಿಪಾಠ ಮಾಡುವುದು ಇದರ ಅರ್ಥವಲ್ಲ. ಸಮವಸ್ತ್ರ ಹಾಕಿ ಹಾಸಿಗೆಯ ಪಕ್ಕ ನಿಂತಾಗ ನನ್ನ ಕೈಯಲ್ಲಿ ಅಧಿಕಾರವಿದೆ, ನನ್ನೊಳಗೆ ಪೂರ್ವಗ್ರಹವಿದೆ ಎಂದು ಮೊದಲು ತನ್ನನ್ನು ನೋಡಿಕೊಳ್ಳುವುದು. ಆರೈಕೆ ಸುರಕ್ಷಿತವಾಗಿತ್ತೇ ಎಂದು ಹೇಳುವವರು ರೋಗಿ, ನರ್ಸ್ ಅಲ್ಲ.

ಕ್ಯೂಬೆಕ್‌ನ ಉತ್ತರ ತುದಿಯ ಪುವಿರ್ನಿಟುಕ್ ಹಳ್ಳಿಯ ಹೆರಿಗೆ ಕೇಂದ್ರವನ್ನೂ ಹೇಳಲೇಬೇಕು. ಹಿಂದೆ ತುಂಬು ಗರ್ಭಿಣಿಯರನ್ನು ಹೆರಿಗೆಗೆ ವಾರಗಳ ಮೊದಲೇ ವಿಮಾನದಲ್ಲಿ ದಕ್ಷಿಣದ ಆಸ್ಪತ್ರೆಗೆ ಕಳುಹಿಸಲಾಗುತ್ತಿತ್ತು. ಗಂಡನಿಲ್ಲ, ತಾಯಿಯಿಲ್ಲ, ಭಾಷೆ ಬಲ್ಲವರಿಲ್ಲ. 1986ರಲ್ಲಿ ಹೆರಿಗೆಯನ್ನು ಊರಿಗೇ ತರಲಾಯಿತು. ಇನ್ಯುಯಿಟ್ ಮಹಿಳೆಯರೇ ಅಲ್ಲಿಯೇ ತರಬೇತಿ ಪಡೆದು ಸೂಲಗಿತ್ತಿಯರಾದರು. ನಂತರ ನೆರೆಯ ಹಳ್ಳಿಗಳಿಗೂ ಈ ಸೇವೆ ಹಬ್ಬಿತು. ಬಾಣಂತನಕ್ಕೆ ತವರಿಗೆ ಹೋಗುವ ಪದ್ಧತಿಯಿರುವ ನಮ್ಮವರಿಗೆ ಇದರ ಬೆಲೆ ಚೆನ್ನಾಗಿ ಅರ್ಥವಾದೀತು. ಬ್ರಿಟಿಷ್ ಕೊಲಂಬಿಯಾದಲ್ಲಿ 2013ರಿಂದ ಫಸ್ಟ್ ನೇಷನ್ಸ್ ಜನರದ್ದೇ ಆರೋಗ್ಯ ಪ್ರಾಧಿಕಾರವಿದೆ. ಕೆನಡಾದ ವೈದ್ಯರ ಸಂಘವು 2024ರ ಸೆಪ್ಟೆಂಬರ್‌ನಲ್ಲಿ ಮೂಲನಿವಾಸಿಗಳ ಕ್ಷಮೆ ಕೇಳಿತು.

ಧರ್ಮಸಭೆಯ ನಡೆ

ಧರ್ಮಸಭೆಯ ನಡೆ ನಿಧಾನವಾಗಿತ್ತು ಎಂಬುದನ್ನು ಮುಚ್ಚಿಡುವಂತಿಲ್ಲ. ಹೆಚ್ಚಿನ ಶಾಲೆಗಳನ್ನು ನಡೆಸಿದ ಓಬ್ಲೇಟ್ ಸಂಸ್ಥೆಯವರು 1991ರಲ್ಲೇ ಲಾಕ್ ಸೇಂಟ್ ಆನ್‌ನಲ್ಲಿ ಕ್ಷಮೆ ಕೋರಿದರು. 2009ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಮೂಲನಿವಾಸಿ ನಾಯಕರನ್ನು ಭೇಟಿಯಾಗಿ ದುಃಖ ವ್ಯಕ್ತಪಡಿಸಿದರು. ಆದರೆ ಇಡೀ ದೇಶದ ಧರ್ಮಾಧ್ಯಕ್ಷರ ಮಂಡಳಿ ಒಟ್ಟಾಗಿ ಕ್ಷಮೆ ಕೇಳಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಪ್ರತಿ ಧರ್ಮಕ್ಷೇತ್ರ ಹಾಗೂ ಧಾರ್ಮಿಕ ಸಂಸ್ಥೆ ಪ್ರತ್ಯೇಕ, ಎಲ್ಲರ ಪರವಾಗಿ ಮಾತಾಡುವವರಿಲ್ಲ ಎಂಬುದು ಅಲ್ಲಿಯವರೆಗೆ ಕೊಡುತ್ತಿದ್ದ ಕಾರಣ. ನೊಂದವರಿಗೆ ಇದು ಸಮಾಧಾನ ತರಲಿಲ್ಲ. ಹಣದ ವಿಷಯವೂ ಹಾಗೆಯೇ. 2006ರ ಒಪ್ಪಂದದಂತೆ 2.5 ಕೋಟಿ ಡಾಲರ್ ಸಂಗ್ರಹಿಸಲು ಪ್ರಯತ್ನಿಸುವುದಾಗಿ ಕಥೋಲಿಕ್ ಸಂಸ್ಥೆಗಳು ಹೇಳಿದ್ದವು. ಕೂಡಿದ್ದು 40 ಲಕ್ಷಕ್ಕಿಂತ ಕಡಿಮೆ. 2015ರಲ್ಲಿ ನ್ಯಾಯಾಲಯದ ತೀರ್ಪಿನಿಂದ ಉಳಿದ ಹೊಣೆ ತಪ್ಪಿತು. ಕಾನೂನು ಪ್ರಕಾರ ಸರಿ, ಆದರೆ ಜನರ ವಿಶ್ವಾಸಕ್ಕೆ ಬಿದ್ದ ಪೆಟ್ಟು ದೊಡ್ಡದು. 2021ರಲ್ಲಿ ಧರ್ಮಾಧ್ಯಕ್ಷರು ಹೊಸದಾಗಿ 3 ಕೋಟಿ ಡಾಲರ್ ನಿಧಿಯ ವಾಗ್ದಾನ ಮಾಡಿದರು.

2022ರ ಜುಲೈ 25ರಂದು ಪೋಪ್ ಫ್ರಾನ್ಸಿಸ್ ಗಾಲಿಕುರ್ಚಿಯಲ್ಲಿ ಆಲ್ಬರ್ಟಾದ ಮಸ್ಕ್ವಾಚೀಸ್‌ಗೆ ಬಂದು, ಹಿಂದಿನ ಎರ್ಮಿನ್‌ಸ್ಕಿನ್ ಶಾಲೆಯ ಸಮೀಪ, ಕ್ರೈಸ್ತರು ಎಸಗಿದ ಕೆಡುಕಿಗಾಗಿ ಕ್ಷಮೆ ಬೇಡಿದರು. ಅವರ ತಲೆಗೆ ಗರಿಗಳ ಕಿರೀಟವಿಟ್ಟ ವಿಲ್ಟನ್ ಲಿಟಲ್‌ಚೈಲ್ಡ್ ಅದೇ ಶಾಲೆಯಲ್ಲಿ ಬೆಳೆದವರು, ಸತ್ಯ ಆಯೋಗದ ಸದಸ್ಯರೂ ಆಗಿದ್ದವರು. ಅನೇಕರು ಅತ್ತರು. ಆದರೆ ಕೆಲವು ಕ್ರೈಸ್ತರ ತಪ್ಪೆಂದು ಹೇಳಿ ಸಭೆಯ ಪಾತ್ರವನ್ನು ಬಿಟ್ಟುಬಿಟ್ಟಿದ್ದಾರೆಂದು ಮರ್ರಿ ಸಿಂಕ್ಲೇರ್ ಟೀಕಿಸಿದರು. ಎರಡನ್ನೂ ನಾವು ಕೇಳಿಸಿಕೊಳ್ಳಬೇಕು.

2023ರ ಮಾರ್ಚ್ 30ರ ಪ್ರಕಟಣೆ ನಮಗೆ ಇನ್ನೂ ಹತ್ತಿರದ್ದು. ಹೊಸ ನೆಲಗಳನ್ನು 'ಕಂಡುಹಿಡಿದ' ಕ್ರೈಸ್ತ ರಾಜರಿಗೆ ಅವುಗಳ ಮೇಲೆ ಹಕ್ಕಿದೆ ಎಂಬ ವಾದವನ್ನು ವ್ಯಾಟಿಕನ್ ಅಂದು ತಿರಸ್ಕರಿಸಿತು. ಆ ವಾದಕ್ಕೆ ಆಧಾರವಾಗಿ ಬಳಸಲ್ಪಟ್ಟ ಪತ್ರಗಳಲ್ಲಿ ಒಂದು, ಐದನೇ ನಿಕೋಲಸ್ ಪೋಪ್ ಅವರು 1455ರಲ್ಲಿ ಪೋರ್ಚುಗಲ್ ರಾಜನಿಗೆ ಕೊಟ್ಟ 'ರೊಮಾನುಸ್ ಪೊಂತಿಫೆಕ್ಸ್'. ಗೋವಾ ಮತ್ತು ಕೆನರಾದ ಚರ್ಚುಗಳ ಚರಿತ್ರೆ ಓದಿದವರಿಗೆ ಗೊತ್ತಿರುವ 'ಪದ್ರೊಆದೊ' ಅಧಿಕಾರದ ಬೇರು ಕೂಡ ಇಂಥ ಪತ್ರಗಳಲ್ಲಿಯೇ ಇದೆ. ಕೆನಡಾದ ಕಥೆ ನಮಗೆ ಸಂಬಂಧವಿಲ್ಲದ್ದು ಎನ್ನುವವರು ಇದನ್ನು ಗಮನಿಸಬಹುದು. 2025ರ ನವೆಂಬರ್‌ನಲ್ಲಿ ಪೋಪ್ ಹದಿನಾಲ್ಕನೇ ಲಿಯೋ ಅವರು ವ್ಯಾಟಿಕನ್ ಸಂಗ್ರಹದಲ್ಲಿದ್ದ 62 ವಸ್ತುಗಳನ್ನು ಮೂಲನಿವಾಸಿಗಳಿಗೆ ತಲುಪಿಸಲು ಕೆನಡಾದ ಧರ್ಮಾಧ್ಯಕ್ಷರಿಗೆ ಒಪ್ಪಿಸಿದರು.

ಹೊಸದಾಗಿ ಹೋಗುವವರಿಗೆ

94 ಕರೆಗಳಲ್ಲಿ ಕೊನೆಯ ಎರಡು ವಲಸೆ ಬರುವವರ ಬಗ್ಗೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. 94ನೇ ಕರೆಯಂತೆ 2021ರ ಜೂನ್‌ನಲ್ಲಿ ಪೌರತ್ವದ ಪ್ರಮಾಣವಚನ ಬದಲಾಯಿತು. ಮಂಗಳೂರಿನವರಾಗಲಿ, ಮನಿಲಾದವರಾಗಲಿ, ಕೆನಡಾದ ಪ್ರಜೆಯಾಗುವಾಗ ಮೂಲನಿವಾಸಿಗಳ ಹಕ್ಕುಗಳನ್ನು ಮಾನ್ಯ ಮಾಡುವ ಸಂವಿಧಾನವನ್ನು ಪಾಲಿಸುವುದಾಗಿ ಈಗ ಬಾಯಿಬಿಟ್ಟು ಹೇಳಬೇಕು.

ಅಲ್ಲಿರುವ ಮಗಳು ಸೆಪ್ಟೆಂಬರ್ 30ರಂದು ಮೊಮ್ಮಕ್ಕಳ ಫೋಟೋ ಕಳುಹಿಸಿದಾಗ ಎಲ್ಲರೂ ಕಿತ್ತಳೆ ಬಣ್ಣದ ಅಂಗಿ ಹಾಕಿರುವುದನ್ನು ಇಲ್ಲಿನ ಅಜ್ಜಿಯಂದಿರು ಕಂಡಿರಬಹುದು. ಅದು ಶಾಲೆಯ ಫ್ಯಾನ್ಸಿ ಡ್ರೆಸ್ ಅಲ್ಲ. 1973ರಲ್ಲಿ ಫಿಲಿಸ್ ವೆಬ್‌ಸ್ಟಾಡ್ ಎಂಬ ಆರು ವರ್ಷದ ಹುಡುಗಿಗೆ ಶಾಲೆಯ ಮೊದಲ ದಿನಕ್ಕೆಂದು ಅವಳ ಅಜ್ಜಿ ಹೊಸ ಕಿತ್ತಳೆ ಅಂಗಿ ಕೊಡಿಸಿದ್ದರು. ಸೇಂಟ್ ಜೋಸೆಫ್ಸ್ ಮಿಷನ್ ಶಾಲೆಗೆ ಕಾಲಿಟ್ಟ ಕೂಡಲೇ ಅದನ್ನು ತೆಗೆದಿಟ್ಟುಕೊಂಡರು. ಅವಳಿಗೆ ಅದು ಮತ್ತೆ ಸಿಗಲಿಲ್ಲ.